ಗೆಕೊಗಳ ಆಹಾರಕ್ಕಾಗಿ ಡುಬಿಯಾ ಜಿರಳೆ ಸಾಕಣೆ: ಪೆಟ್ಟಿಗೆ ಸಿದ್ಧಪಡಿಸಿದ ದಾಖಲೆ

ಎರಡು ವಯಸ್ಕ ಲೆಪರ್ಡ್ ಗೆಕೊಗಳಿಗೆ (ಮನೆಯಲ್ಲಿ ಸಾಕುವ ಒಂದು ಬಗೆಯ ಹಲ್ಲಿ) ಬೇಕಾಗುವ ಜೀವಂತ ಕೀಟಗಳನ್ನು ಹೊರಗಿನಿಂದ ತರುವುದನ್ನು ನಿಲ್ಲಿಸಿ, ಅವುಗಳನ್ನು ಮನೆಯಲ್ಲಿಯೇ ಬೆಳೆಸಿಕೊಳ್ಳಬೇಕೆಂದು ಆರಂಭಿಸಿದ ಕೆಲಸದ ದಾಖಲೆ ಇದು. ಜಿರಳೆ ಸಾಕಣೆ ಬಹಳ ಸುಲಭವೆಂದು ಹೇಳುವವರು ಹೆಚ್ಚು. ಒಮ್ಮೆ ನೆಲೆಗೊಂಡ ಮೇಲೆ ಅದು ನಿಜವೇ. ಆದರೆ ನೆಲೆಗೊಳ್ಳುವವರೆಗಿನ ತಿಂಗಳುಗಳಲ್ಲಿ ಶಾಖ, ತೇವ ಮತ್ತು ಗಾಳಿ ಈ ಮೂರನ್ನೂ ಏಕಕಾಲಕ್ಕೆ ಹದದಲ್ಲಿ ಇಡುವುದೇ ಇಡೀ ಕೆಲಸ. ಒಂದನ್ನು ಸರಿಪಡಿಸಿದರೆ ಇನ್ನೊಂದು ಕೆಡುತ್ತದೆ. ಆದುದರಿಂದ ಪೆಟ್ಟಿಗೆ, ಶಾಖ ಮತ್ತು ತೇವದ ಬಗ್ಗೆ ಇಲ್ಲಿ ವಿವರವಾಗಿ ಬರೆದಿದ್ದೇನೆ.

ಹಂತ 1: ಜಾತಿಯ ಆಯ್ಕೆ ಮತ್ತು ಸಂಖ್ಯೆಯ ಲೆಕ್ಕ

ಆರಿಸಿಕೊಂಡದ್ದು ಬ್ಲಾಪ್ಟಿಕಾ ಡುಬಿಯಾ, ಅಂದರೆ ಸಾಕುವವರೆಲ್ಲ ಡುಬಿಯಾ ಎಂದು ಕರೆಯುವ ದಕ್ಷಿಣ ಅಮೆರಿಕದ ಜಿರಳೆ. ಇದಕ್ಕೆ ನುಣುಪಾದ ಪ್ಲಾಸ್ಟಿಕ್ ಅಥವಾ ಗಾಜಿನ ಗೋಡೆಯನ್ನು ಹತ್ತಲಾಗುವುದಿಲ್ಲ. ಕ್ರಿಕೆಟ್ ಹುಳುಗಳಂತೆ ಸದ್ದು ಮಾಡುವುದಿಲ್ಲ, ಅವುಗಳಷ್ಟು ಬೇಗ ಸಾಯುವುದೂ ಇಲ್ಲ. ಗಂಡಿಗೆ ಪೂರ್ಣ ರೆಕ್ಕೆಗಳಿದ್ದರೂ ಅದು ಎತ್ತರಕ್ಕೆ ಹಾರುವುದಿಲ್ಲ. ಹೆಣ್ಣಿಗೆ ಇರುವುದು ಮೋಟು ರೆಕ್ಕೆ ಮಾತ್ರ. ತುರ್ಕಿಸ್ತಾನ್ ಜಿರಳೆ ಇದಕ್ಕಿಂತ ವೇಗವಾಗಿ ಹೆಚ್ಚುತ್ತದೆ, ಆದರೆ ಅದು ಮೊಟ್ಟೆಕೋಶಗಳನ್ನು ಹೊರಗೆ ಉದುರಿಸುವುದರಿಂದ ಕಸದ ಜೊತೆಗೆ ಮೊಟ್ಟೆಗಳೂ ಹೊರಹೋಗುವ ಅಪಾಯವಿದೆ. ಡುಬಿಯಾ ಹೆಣ್ಣು ಮೊಟ್ಟೆಕೋಶವನ್ನು ಹೊಟ್ಟೆಯೊಳಗೇ ಇಟ್ಟುಕೊಂಡು ಜೀವಂತ ಮರಿಗಳನ್ನು ಹಾಕುತ್ತದೆ. ಮನೆಯೊಳಗೆ ಜಿರಳೆ ಸಾಕುವವರಿಗೆ ಇದಕ್ಕಿಂತ ನೆಮ್ಮದಿಯ ಗುಣ ಇನ್ನೊಂದಿಲ್ಲ. ಈ ಜಾತಿಯನ್ನು ಸಾಕಲು ಎಲ್ಲ ಕಡೆಯೂ ಅನುಮತಿ ಇರುವುದಿಲ್ಲವಾದ್ದರಿಂದ ತರಿಸುವ ಮೊದಲೇ ಆ ನಿಯಮವನ್ನು ವಿಚಾರಿಸಿಕೊಳ್ಳಬೇಕು.

ಎಷ್ಟು ಹೆಣ್ಣುಗಳು ಬೇಕು ಎಂಬುದನ್ನು ಗೆಕೊಗಳ ಹಸಿವಿನಿಂದ ಹಿಂದಕ್ಕೆ ಲೆಕ್ಕ ಹಾಕಿದೆ. ಒಂದು ಗೆಕೊಗೆ ಒಂದು ಹೊತ್ತಿಗೆ 6 ಮಧ್ಯಮ ಗಾತ್ರದ ಮರಿಗಳು, ವಾರಕ್ಕೆ 3 ಬಾರಿ, ಎರಡು ಗೆಕೊಗಳು: ವಾರಕ್ಕೆ 36, ತಿಂಗಳಿಗೆ ಸುಮಾರು 150. ಬೆಚ್ಚಗಿನ ಪೆಟ್ಟಿಗೆಯಲ್ಲಿ ಒಂದು ಹೆಣ್ಣು ಸುಮಾರು ಎರಡು ತಿಂಗಳಿಗೊಮ್ಮೆ 20ರಿಂದ 30 ಮರಿಗಳನ್ನು ಹಾಕುತ್ತದೆ; ತಿಂಗಳಿಗೆ 12 ಎಂದು ಹಿಡಿದರೆ 13 ಹೆಣ್ಣುಗಳು ಸಾಕೆನಿಸುತ್ತದೆ. ಈ ಲೆಕ್ಕವನ್ನು ಹಾಗೆಯೇ ನಂಬಬಾರದು. ಮರಿಗಳಲ್ಲಿ ಒಂದಷ್ಟು ಸಾಯುತ್ತವೆ, ಒಂದಷ್ಟನ್ನು ಮುಂದಿನ ಪೀಳಿಗೆಗೆ ಉಳಿಸಬೇಕು, ಎಲ್ಲ ಹೆಣ್ಣುಗಳೂ ಒಂದೇ ಸಮನೆ ಮರಿ ಹಾಕುವುದಿಲ್ಲ. ಆದುದರಿಂದ ಅದರ ಎರಡರಷ್ಟು, ಅಂದರೆ 26 ಹೆಣ್ಣುಗಳು ಮತ್ತು 8 ಗಂಡುಗಳು ಎಂದು ನಿಶ್ಚಯಿಸಿದೆ. ಮೂರು ಹೆಣ್ಣಿಗೆ ಒಂದು ಗಂಡಿಗಿಂತ ಹೆಚ್ಚು ಗಂಡುಗಳಿದ್ದರೆ ಅವು ಪರಸ್ಪರ ರೆಕ್ಕೆಗಳನ್ನು ಕಡಿದುಕೊಳ್ಳುತ್ತವೆ ಮತ್ತು ಹೆಣ್ಣುಗಳಿಗೆ ನೆಮ್ಮದಿ ಕೊಡುವುದಿಲ್ಲ. ಇವುಗಳ ಜೊತೆಗೆ ಬೇರೆ ಬೇರೆ ವಯಸ್ಸಿನ ನೂರು ಮರಿಗಳನ್ನೂ ಸೇರಿಸಿದೆ. ವಯಸ್ಕ ಜಿರಳೆಗಳೆಲ್ಲ ಒಂದೇ ಕಾಲಕ್ಕೆ ಮುದಿಯಾಗಿ ಸಂತತಿ ಕಡಿದುಹೋಗದಿರಲು ಈ ಮರಿಗಳೇ ಆಧಾರ.

ಹಂತ 2: ಪೆಟ್ಟಿಗೆ ಮತ್ತು ಜಾಲರಿ

ಪೆಟ್ಟಿಗೆ 60 ಸೆಂ.ಮೀ. ಉದ್ದ, 40 ಸೆಂ.ಮೀ. ಅಗಲ, 32 ಸೆಂ.ಮೀ. ಎತ್ತರದ ಪ್ಲಾಸ್ಟಿಕ್ಕಿನದು. ಒಳಗೋಡೆ ನುಣುಪಾಗಿರಬೇಕು, ಬೆಳಕು ಹಾಯದಂತೆ ಗಾಢ ಬಣ್ಣದ್ದಾಗಿರಬೇಕು. ಜಿರಳೆಗಳಿಗೆ ಕತ್ತಲೆ ಬೇಕು. ಪಾರದರ್ಶಕ ಪೆಟ್ಟಿಗೆಯಲ್ಲಿ ಅವು ಹಗಲೆಲ್ಲ ತಮಗಾಗಿ ಇಟ್ಟ ರಟ್ಟಿನ ಮೊಟ್ಟೆ ಟ್ರೇಗಳ ಒಳಗೇ ಅವಿತು ತಿನ್ನುವುದನ್ನು ಕಡಿಮೆ ಮಾಡುತ್ತವೆ.

ಮುಚ್ಚಳದಲ್ಲಿ ತಲಾ 20 ಸೆಂ.ಮೀ. ಉದ್ದ, 10 ಸೆಂ.ಮೀ. ಅಗಲದ ಎರಡು ಕಿಂಡಿಗಳನ್ನು ಕತ್ತರಿಸಿದೆ. ಗುರುತು ಹಾಕಿದ ನಾಲ್ಕು ಮೂಲೆಗಳಲ್ಲಿ ಮೊದಲು ಡ್ರಿಲ್‌ನಿಂದ ತೂತು ಕೊರೆದು, ಅನಂತರ ಕಟ್ಟರ್‌ನಿಂದ ಗೆರೆಯ ಮೇಲೆ ಹಲವು ಬಾರಿ ಹಗುರವಾಗಿ ಎಳೆದರೆ ಮೂಲೆಯಿಂದ ಮುಂದಕ್ಕೆ ಬಿರುಕು ಓಡುವುದಿಲ್ಲ. ಕಿಂಡಿಗಳಿಗೆ ಸಣ್ಣ ಕಣ್ಣಿನ ಸ್ಟೀಲ್ ಜಾಲರಿಯನ್ನು ಹಾಕಿದೆ. ನೈಲಾನ್ ಪರದೆಯನ್ನು ಹುಳುಗಳು ಕಡಿಯಬಲ್ಲವಾದ್ದರಿಂದ ಅದನ್ನು ಪರಿಗಣಿಸಲೇ ಇಲ್ಲ.

ಜಾಲರಿಯನ್ನು ಅಂಟಿಸುವಲ್ಲಿ ಮೊದಲ ಪ್ರಯತ್ನ ವಿಫಲವಾಯಿತು. ಸಿಲಿಕೋನ್ ಹಚ್ಚಿ ಒಂದು ದಿನ ಒಣಗಿಸಿದ ಮೇಲೆ ನೋಡುವುದಕ್ಕೆ ಗಟ್ಟಿಯಾಗಿಯೇ ಇತ್ತು, ಆದರೆ ಮುಚ್ಚಳವನ್ನು ಸ್ವಲ್ಪ ಬಾಗಿಸಿದೊಡನೆ ಸಿಲಿಕೋನ್ ಇಡೀ ಪಟ್ಟಿಯಾಗಿ ಎದ್ದುಬಂತು. ಕಾರಣ ಸ್ಪಷ್ಟ: ಇಂತಹ ಪೆಟ್ಟಿಗೆಗಳು ಹೆಚ್ಚಾಗಿ ಪಾಲಿಪ್ರೊಪಿಲೀನ್‌ನವು, ಆ ಪ್ಲಾಸ್ಟಿಕ್ಕಿಗೆ ಸಾಮಾನ್ಯ ಅಂಟು ಯಾವುದೂ ಸರಿಯಾಗಿ ಹಿಡಿಯುವುದಿಲ್ಲ. ಬಿಸಿ ಅಂಟಿನ ಗನ್ ಬಳಸಿದರೂ ಫಲ ಅದೇ. ಕೊನೆಗೆ ಅಂಟನ್ನು ಬಿಟ್ಟು, ಜಾಲರಿಯನ್ನು ಕಿಂಡಿಗಿಂತ ಸುತ್ತಲೂ 2 ಸೆಂ.ಮೀ. ಹೆಚ್ಚಾಗಿ ಕತ್ತರಿಸಿ, ಅದರ ಅಂಚಿನ ಮೇಲೆ ಹಳೆಯ ಮುಚ್ಚಳವೊಂದರಿಂದ ಕೊಯ್ದ ಪ್ಲಾಸ್ಟಿಕ್ ಪಟ್ಟಿಗಳನ್ನು ಇಟ್ಟು, 5 ಸೆಂ.ಮೀ.ಗೊಂದರಂತೆ 3 ಮಿ.ಮೀ. ಬೋಲ್ಟು, ವಾಷರ್, ನಟ್ಟುಗಳಿಂದ ಬಿಗಿದೆ. ಕೆಲಸ ಹೆಚ್ಚು, ಆದರೆ ಜಾಲರಿ ಈಗ ಎರಡು ಪ್ಲಾಸ್ಟಿಕ್ಕುಗಳ ನಡುವೆ ಸಿಕ್ಕಿಕೊಂಡಿದೆ. ಬಿಚ್ಚಿ ತೊಳೆಯಲೂ ಬರುತ್ತದೆ. ಇನ್ನೊಂದು ಪೆಟ್ಟಿಗೆ ಮಾಡುವುದಾದರೆ ಅಂಟಿನ ಡಬ್ಬಿಯನ್ನು ತೆರೆಯುವುದೇ ಇಲ್ಲ.

ಒಳಗೋಡೆಯ ಮೇಲಂಚಿನಲ್ಲಿ, ಸುತ್ತಲೂ ಅಗಲವಾದ ಪಾರದರ್ಶಕ ಪ್ಯಾಕಿಂಗ್ ಟೇಪನ್ನು ಸುಕ್ಕಿಲ್ಲದಂತೆ ಅಂಟಿಸಿದೆ. ಹಿಕ್ಕೆಯ ಧೂಳು ಕುಳಿತು ಗೋಡೆ ಒರಟಾದಾಗ ಸಣ್ಣ ಮರಿಗಳಿಗೆ ಅಲ್ಲಿ ಕಾಲೂರಲು ಸಿಗುತ್ತದೆ. ಟೇಪಿನ ಪಟ್ಟಿಯನ್ನು ಆಗಾಗ ಒದ್ದೆ ಬಟ್ಟೆಯಿಂದ ಒರೆಸಿದರೆ ಆ ದಾರಿ ಮುಚ್ಚುತ್ತದೆ.

ಹಂತ 3: ಶಾಖ

ಎಲ್ಲಕ್ಕಿಂತ ಹೆಚ್ಚು ಸಮಯ ತೆಗೆದುಕೊಂಡದ್ದು ಈ ಹಂತ. ಹೀಟ್ ಮ್ಯಾಟ್ (ವಿದ್ಯುತ್ತಿನಿಂದ ಕಾಯುವ ತೆಳು ಹಾಳೆ) ಮತ್ತು ಅದರ ಉಷ್ಣತೆಯನ್ನು ನಿಯಂತ್ರಿಸುವ ಥರ್ಮೋಸ್ಟಾಟ್ ಎರಡಕ್ಕೆ ಆದ ಖರ್ಚೂ ಉಳಿದೆಲ್ಲ ಸಾಮಗ್ರಿಗಳ ಒಟ್ಟು ಖರ್ಚನ್ನು ಮೀರಿತು. ಸಾಮಾನ್ಯ ಕೋಣೆಯ ಉಷ್ಣತೆಯಲ್ಲಿ ಡುಬಿಯಾ ಬದುಕುತ್ತದೆ, ಆದರೆ ಮರಿ ಹಾಕಬೇಕಾದರೆ 27 ಡಿಗ್ರಿ ಸೆಲ್ಸಿಯಸ್‌ಗಿಂತ ಮೇಲೆ, ಚೆನ್ನಾಗಿ ಹೆಚ್ಚಬೇಕಾದರೆ 30ರಿಂದ 33 ಡಿಗ್ರಿಯ ಆಸುಪಾಸು ಬೇಕು.

ಮೊದಲು ಮ್ಯಾಟನ್ನು ಪೆಟ್ಟಿಗೆಯ ತಳದ ಕೆಳಗೆ ಇಟ್ಟೆ. ಹುಳುಗಳನ್ನು ಬಿಡುವ ಮುನ್ನ ಖಾಲಿ ಪೆಟ್ಟಿಗೆಯಲ್ಲಿ ಟ್ರೇಗಳನ್ನಷ್ಟೇ ಜೋಡಿಸಿ, ತಳದಲ್ಲಿ ಹಿಕ್ಕೆಯ ಬದಲಿಗೆ ಗೋಧಿ ಬೂಸಾ ಹರಡಿ ಅಳೆದಾಗ ತೊಂದರೆ ಕಂಡಿತು. ಟ್ರೇಗಳ ನಡುವಿನ ಗಾಳಿ 27 ಡಿಗ್ರಿ ತೋರಿಸುತ್ತಿದ್ದಾಗ, ಬೂಸಾದ ಕೆಳಗೆ, ಮ್ಯಾಟಿನ ನೇರ ಮೇಲೆ, ಪ್ಲಾಸ್ಟಿಕ್ 40 ಡಿಗ್ರಿ ದಾಟಿತ್ತು. ಹಿಕ್ಕೆ ದಪ್ಪವಾದಂತೆ ಶಾಖ ಮೇಲೇರುವುದಿಲ್ಲ, ಕೆಳಗೇ ಉಳಿಯುತ್ತದೆ. ಆಗತಾನೆ ಹುಟ್ಟಿದ ಮರಿಗಳು ಇರುವುದೂ ಆ ತಳದ ಹಿಕ್ಕೆಯಲ್ಲಿಯೇ. ಪ್ರಾಣಿಗಳನ್ನು ತರುವ ಮೊದಲು ಖಾಲಿ ಪೆಟ್ಟಿಗೆಯನ್ನು ಕೆಲವು ದಿನ ಓಡಿಸಿ ನೋಡುವುದನ್ನು ಯಾರೂ ಬಿಡಬಾರದೆಂದು ನಾನು ಒತ್ತಿ ಹೇಳುವುದು ಇದಕ್ಕಾಗಿ.

ಅನಂತರ ಮ್ಯಾಟನ್ನು 40 ಸೆಂ.ಮೀ. ಅಗಲದ ಒಂದು ಬದಿಯ ಹೊರಗೋಡೆಗೆ, ತಳದಿಂದ 4 ಸೆಂ.ಮೀ. ಮೇಲೆ ಅಂಟಿಸಿದೆ. ಥರ್ಮೋಸ್ಟಾಟಿನ ಸೆನ್ಸರ್ ಪೆಟ್ಟಿಗೆಯ ಒಳಗೆ, ಅದೇ ಗೋಡೆಯ ಮೇಲೆ, ಮೊದಲ ಟ್ರೇಯ ಹಿಂದೆ ಇದೆ. ಅದನ್ನು ಟೇಪಿನಿಂದ ಅಂಟಿಸಬಾರದು. ಬಿಸಿಗೆ ಟೇಪು ಸಡಿಲಗೊಂಡು ಸೆನ್ಸರ್ ತಣ್ಣನೆಯ ಮೂಲೆಗೆ ಜಾರಿದರೆ ಥರ್ಮೋಸ್ಟಾಟ್ ಮ್ಯಾಟನ್ನು ಆರಿಸುವುದೇ ಇಲ್ಲ. ಗೋಡೆಯಲ್ಲಿ ಎರಡು ಸಣ್ಣ ತೂತು ಕೊರೆದು ಕೇಬಲ್ ಟೈನಿಂದ ಕಟ್ಟಿ, ತಂತಿ ಒಳಬರುವ ತೂತಿನ ಉಳಿದ ಜಾಗವನ್ನು ಒಳಗಿನಿಂದ ಸ್ಟೀಲ್ ಜಾಲರಿಯ ತುಂಡಿನಿಂದ ತುಂಬಿದೆ. ಥರ್ಮೋಸ್ಟಾಟನ್ನು 33 ಡಿಗ್ರಿಗೆ ಇಟ್ಟಾಗ ಬಿಸಿ ಬದಿ 32, ನಡುಭಾಗ 29, ಎದುರು ಬದಿ 26 ಡಿಗ್ರಿಯಲ್ಲಿ ನಿಂತಿತು. ಹುಳುಗಳಿಗೆ ತಮಗೆ ಬೇಕಾದ ಜಾಗವನ್ನು ಆರಿಸಿಕೊಳ್ಳಲು ಈ ವ್ಯತ್ಯಾಸ ಅಗತ್ಯ; ಇಡೀ ಪೆಟ್ಟಿಗೆಯನ್ನು ಒಂದೇ ಉಷ್ಣತೆಗೆ ತರಲು ನಾನು ಪ್ರಯತ್ನಿಸಲಿಲ್ಲ.

ರಾತ್ರಿ ಕೋಣೆ ತಣ್ಣಗಾದಾಗ ಉಷ್ಣತೆ ಇಳಿಯುತ್ತಿದ್ದುದರಿಂದ ಉಳಿದ ಮೂರು ಬದಿಗಳಿಗೂ ತಳಕ್ಕೂ 2 ಸೆಂ.ಮೀ. ದಪ್ಪದ ಥರ್ಮೊಕೋಲ್ ಹಾಳೆಯನ್ನು ಹೊರಗಿನಿಂದ ಕಟ್ಟಿದೆ. ಮ್ಯಾಟ್ ಇರುವ ಬದಿಯನ್ನು ಮಾತ್ರ ಹಾಗೆಯೇ ತೆರೆದಿಟ್ಟಿದ್ದೇನೆ. ಮ್ಯಾಟಿನ ಮೇಲೆ ಹೊದಿಕೆ ಹಾಕಿದರೆ ಅದು ಮಿತಿಮೀರಿ ಕಾದು ಬೆಂಕಿಗೆ ಕಾರಣವಾಗಬಹುದು.

ಹಂತ 4: ಟ್ರೇಗಳು, ಆಹಾರ, ನೀರು

ರಟ್ಟಿನ ಮೊಟ್ಟೆ ಟ್ರೇಗಳನ್ನು ನೇರವಾಗಿ ನಿಲ್ಲಿಸಿ ಸಾಲಾಗಿ ಜೋಡಿಸಿದೆ. ಅಡ್ಡಲಾಗಿ ಒಂದರ ಮೇಲೊಂದು ಇಟ್ಟರೆ ಪ್ರತಿ ಗುಳಿಯಲ್ಲೂ ಹಿಕ್ಕೆ ತುಂಬಿಕೊಳ್ಳುತ್ತದೆ. ನಿಲ್ಲಿಸಿದರೆ ಎಲ್ಲವೂ ತಳಕ್ಕೆ ಉದುರುತ್ತದೆ. ಟ್ರೇಗಳ ಮೇಲಂಚು ಮುಚ್ಚಳದಿಂದ ಕನಿಷ್ಠ 8 ಸೆಂ.ಮೀ. ಕೆಳಗಿರುವಂತೆ ಕತ್ತರಿಸಿದೆ, ಇಲ್ಲವಾದರೆ ಗೋಡೆ ಎಷ್ಟೇ ನುಣುಪಾಗಿದ್ದರೂ ಅವು ರಟ್ಟನ್ನೇ ಏಣಿ ಮಾಡಿಕೊಳ್ಳುತ್ತವೆ.

ಒಣ ಆಹಾರಕ್ಕೆ ಓಟ್ಸ್, ಗೋಧಿ ಬೂಸಾ, ಒಣಗಿಸಿದ ಸೊಪ್ಪು ಮತ್ತು ಸ್ವಲ್ಪ ಬೇಳೆಕಾಳುಗಳನ್ನು ಒಟ್ಟಿಗೆ ಪುಡಿ ಮಾಡಿದ ಮಿಶ್ರಣ. ಬೇಗ ಬೆಳೆಯಲೆಂದು ಬೆಕ್ಕಿನ ಆಹಾರದಂತಹ ಹೆಚ್ಚು ಪ್ರೋಟೀನಿನ ಪದಾರ್ಥವನ್ನೇ ನಿತ್ಯ ಹಾಕುವ ಪದ್ಧತಿಯಿದೆ. ನಾನು ಅದನ್ನು ಒಪ್ಪುವುದಿಲ್ಲ. ಜಿರಳೆಗಳು ಪ್ರೋಟೀನಿನಿಂದ ಬರುವ ಹೆಚ್ಚಿನ ಸಾರಜನಕವನ್ನು ಯೂರಿಕ್ ಆಮ್ಲವಾಗಿ ದೇಹದ ಕೊಬ್ಬಿನಲ್ಲಿ ಕೂಡಿಟ್ಟುಕೊಳ್ಳುತ್ತವೆ, ಅದು ನೇರವಾಗಿ ಗೆಕೊಗಳ ಹೊಟ್ಟೆಗೆ ಹೋಗುತ್ತದೆ. ಹಸಿ ಆಹಾರವಾಗಿ ಕ್ಯಾರೆಟ್, ಸಿಹಿಗೆಣಸು, ಕುಂಬಳಕಾಯಿ, ಸೇಬು, ಕಿತ್ತಳೆ. ಎಲ್ಲವನ್ನೂ ತೊಳೆದು ಸಿಪ್ಪೆ ತೆಗೆದೇ ಹಾಕುತ್ತೇನೆ, ಏಕೆಂದರೆ ಸಿಪ್ಪೆಯ ಮೇಲೆ ಉಳಿದ ಕೀಟನಾಶಕ ಅತ್ಯಲ್ಪ ಪ್ರಮಾಣದಲ್ಲಿದ್ದರೂ ಅದು ಕೀಟಗಳನ್ನು ಕೊಲ್ಲಲೆಂದೇ ಮಾಡಿದ ವಸ್ತು.

ನೀರನ್ನು ತಟ್ಟೆಯಲ್ಲಿಟ್ಟರೆ ಮರಿಗಳು ಮುಳುಗುತ್ತವೆ. ನೀರು ಹೀರಿ ಉಬ್ಬುವ ಪಾಲಿಮರ್ ಹರಳುಗಳನ್ನು ನೆನೆಸಿ ಆಳವಿಲ್ಲದ ತಟ್ಟೆಯಲ್ಲಿಟ್ಟಿದ್ದೇನೆ.

ಹಂತ 5: ನುಸಿಯ ಹಾವಳಿ

ಹುಳುಗಳನ್ನು ಬಿಟ್ಟ ಮೊದಲ ತಿಂಗಳಲ್ಲಿ ಒಣ ಆಹಾರದ ತಟ್ಟೆಯ ಅಂಚಿನಲ್ಲಿ ನಸುಗಂದು ಬಣ್ಣದ ಸಣ್ಣ ಧೂಳಿನಂತಹದು ಕಾಣಿಸಿತು. ಬೆರಳಿನಿಂದ ಒತ್ತಿ, ಭೂತಗನ್ನಡಿಯಲ್ಲಿ ನೋಡಿದಾಗ ಧೂಳು ಚಲಿಸುತ್ತಿತ್ತು. ಅದು ಹಿಟ್ಟು, ಧಾನ್ಯಗಳಲ್ಲಿ ಬೀಳುವ ನುಸಿ. ಇದು ಜಿರಳೆಗಳ ರಕ್ತ ಹೀರುವುದಿಲ್ಲ, ಆದರೆ ಸಂಖ್ಯೆ ಮಿತಿಮೀರಿದಾಗ ಅವುಗಳ ಮೈಮೇಲೆಲ್ಲ ಹತ್ತಿ ಕುಳಿತು ಉಪದ್ರವ ಕೊಡುತ್ತದೆ, ಆಹಾರವನ್ನೂ ಕೆಡಿಸುತ್ತದೆ.

ನುಸಿಗೆ ಬೇಕಾದದ್ದು ಒದ್ದೆ. ಆ ಒದ್ದೆ ಬಂದ ದಾರಿ ಎರಡು. ಹರಳುಗಳ ತಟ್ಟೆ ಮತ್ತು ಒಣ ಆಹಾರದ ತಟ್ಟೆ ಪಕ್ಕಪಕ್ಕದಲ್ಲಿದ್ದುದರಿಂದ ಹುಳುಗಳ ಕಾಲಿನಲ್ಲಿ ತೇವ ಹಿಟ್ಟಿಗೆ ಬರುತ್ತಿತ್ತು. ಜೊತೆಗೆ, ಶಾಖ ಉಳಿಯಲೆಂದು ಮುಚ್ಚಳದ ಒಂದು ಕಿಂಡಿಯ ಮೇಲೆ ರಟ್ಟು ಹಾಕಿದ್ದರಿಂದ ತೇವಾಂಶ 75 ಪ್ರತಿಶತಕ್ಕೆ ಏರಿತ್ತು. ಶಾಖ ಮತ್ತು ಗಾಳಿ ಒಂದಕ್ಕೊಂದು ಎದುರಾಗುವುದು ಇಲ್ಲಿಯೇ. ಕಿಂಡಿ ಮುಚ್ಚಿದರೆ ಬಿಸಿ ಒಳಗೇ ಉಳಿಯುತ್ತದೆ, ಜೊತೆಗೆ ಬೂಷ್ಟು ಮತ್ತು ನುಸಿಯೂ ನೆಲೆಯೂರುತ್ತವೆ. ಶಾಖದ ಕೊರತೆಯನ್ನು ಗೋಡೆಗೆ ಥರ್ಮೊಕೋಲ್ ಕಟ್ಟಿ ತುಂಬಿಸಬೇಕೇ ಹೊರತು ಕಿಂಡಿಯನ್ನು ಮುಚ್ಚಿ ಅಲ್ಲ. ಮೇಲಿನ ಹಂತದಲ್ಲಿ ಹೇಳಿದ ಥರ್ಮೊಕೋಲ್ ಬಂದದ್ದು ಈ ಅನುಭವದ ನಂತರವೇ.

ಜಿರಳೆಗಳಿರುವ ಪೆಟ್ಟಿಗೆಯಲ್ಲಿ ಯಾವ ಔಷಧವನ್ನೂ ಸಿಂಪಡಿಸುವಂತಿಲ್ಲ. ಆದ್ದರಿಂದ ಎಲ್ಲ ಟ್ರೇಗಳನ್ನು ಒಂದೊಂದಾಗಿ ಬೇರೊಂದು ಒಣ ಪೆಟ್ಟಿಗೆಯೊಳಗೆ ಕೊಡವಿ, ಹಳೆಯ ಟ್ರೇ, ಹಿಟ್ಟು, ಹಿಕ್ಕೆಯನ್ನು ಚೀಲದಲ್ಲಿ ಕಟ್ಟಿ ಫ್ರೀಜರಿನಲ್ಲಿಟ್ಟು ನಂತರ ಎಸೆದೆ. ಪೆಟ್ಟಿಗೆಯನ್ನು ಬಿಸಿನೀರಿನಿಂದ ತೊಳೆದು ಬಿಸಿಲಿಗೆ ಒಣಗಿಸಿ, ಹೊಸ ಟ್ರೇಗಳನ್ನು ಇಟ್ಟು, ಒಣ ಆಹಾರವನ್ನು ಬಿಸಿ ಬದಿಗೂ ಹರಳುಗಳನ್ನು ತಂಪು ಬದಿಗೂ ಬೇರ್ಪಡಿಸಿದೆ. ಹಸಿ ಆಹಾರವನ್ನು ರಾತ್ರಿ ಹಾಕಿ ಮರುದಿನ ಸಂಜೆಯೊಳಗೆ ಉಳಿದುದನ್ನು ತೆಗೆಯುವುದು ಅಂದಿನಿಂದ ನಿಯಮ. ತೇವಾಂಶ ಈಗ 50 ಪ್ರತಿಶತದ ಹತ್ತಿರ ನಿಲ್ಲುತ್ತದೆ. ನುಸಿ ಮತ್ತೆ ಕಾಣಿಸಿಲ್ಲ.

ಹಂತ 6: ಉದುರಿದ ಮೊಟ್ಟೆಕೋಶಗಳು ಮತ್ತು ಮೊದಲ ಮರಿಗಳು

ಆ ಸ್ಥಳಾಂತರದ ನಂತರ ತಳದಲ್ಲಿ ಒಣಗಿದ ಹಳದಿ-ಕಂದು ಬಣ್ಣದ, ಅಡ್ಡಗೆರೆಗಳಿರುವ, ಸುಮಾರು 2 ಸೆಂ.ಮೀ. ಉದ್ದದ ಪಟ್ಟಿಗಳು ಸಿಕ್ಕವು. ಹೆಣ್ಣುಗಳು ಗಾಬರಿಗೊಂಡಾಗ ಅಥವಾ ಪೆಟ್ಟಿಗೆ ತೀರಾ ಒಣಗಿದಾಗ ಮೊಟ್ಟೆಕೋಶವನ್ನು ಬಲಿಯುವ ಮೊದಲೇ ಹೊರಗೆ ಬೀಳಿಸುತ್ತವೆ. ಬಿದ್ದ ಕೋಶದಿಂದ ಮರಿ ಬರುವುದಿಲ್ಲ. ಆದರೆ ಹೆಣ್ಣಿನ ಹಿಂಭಾಗದಿಂದ ಹಸಿಯಾದ, ತಿಳಿ ಹಳದಿ ಕೋಶ ಹೊರಚಾಚಿಕೊಂಡಿರುವುದನ್ನು ಕಂಡು ಇದೇ ತೊಂದರೆಯೆಂದು ತಿಳಿಯಬಾರದು. ಕೋಶ ರೂಪುಗೊಳ್ಳುವಾಗ ಅದು ಹಾಗೆ ಹೊರಬಂದು, ತಿರುಗಿ ಒಳಗಿನ ಗರ್ಭಚೀಲಕ್ಕೆ ಹೋಗುತ್ತದೆ. ಆಗ ಟ್ರೇಯನ್ನು ಅಲುಗಿಸದೆ ಮುಚ್ಚಳವನ್ನು ಮೆಲ್ಲಗೆ ಮುಚ್ಚುವುದೊಂದೇ ನಮ್ಮ ಕೆಲಸ.

ಮೂರನೆಯ ತಿಂಗಳಲ್ಲಿ ಮೊದಲ ಮರಿಗಳು ಕಂಡವು. ಬಿಸಿ ಬದಿಯ ಎರಡನೆಯ ಟ್ರೇಯನ್ನು ಎತ್ತಿದಾಗ ಒಂದು ಗುಳಿಯಲ್ಲಿ ಹೆಣ್ಣೊಂದರ ಸುತ್ತ 3 ಮಿ.ಮೀ. ಉದ್ದದ ಅಚ್ಚ ಬಿಳಿಯ ಮರಿಗಳು ಒತ್ತಾಗಿ ಕುಳಿತಿದ್ದವು. ಕಣ್ಣುಗಳಷ್ಟೇ ಎರಡು ಕಪ್ಪು ಚುಕ್ಕೆ. ಪಕ್ಕದಲ್ಲಿ ಅವು ಕಳಚಿದ ತೆಳುಪೊರೆಗಳ ಎಳೆಗಳು ರಟ್ಟಿಗೆ ಅಂಟಿಕೊಂಡಿದ್ದವು. ಕೆಲವು ಗಂಟೆಗಳಲ್ಲಿ ಅವೆಲ್ಲ ಕಂದು ಬಣ್ಣಕ್ಕೆ ತಿರುಗಿ ತಳದ ಹಿಕ್ಕೆಯೊಳಗೆ ಇಳಿದವು. ಎಷ್ಟು ಕಾಲ ನೋಡಿದರೂ ಸಾಲದೆನಿಸುವ ನೋಟ ಅದು. ದೊಡ್ಡ ಮರಿಗಳು ಪೊರೆ ಕಳಚಿದಾಗಲೂ ಹೀಗೆಯೇ ಬೆಳ್ಳಗೆ, ಮೆತ್ತಗೆ ಇರುತ್ತವೆ. ಆಗ ನೀರಿನ ಕೊರತೆಯಿದ್ದರೆ ಉಳಿದವು ಅವನ್ನು ಕಚ್ಚಿ ತಿನ್ನುತ್ತವೆ. ಅರ್ಧ ತಿಂದ ಬಿಳಿ ದೇಹಗಳು ಸಿಕ್ಕರೆ ಮೊದಲು ಹರಳುಗಳ ತಟ್ಟೆ ಒಣಗಿದೆಯೇ ಎಂದು ನೋಡಬೇಕು.

ಈ ಹಂತದಲ್ಲಿ ಮರಿಗಳನ್ನು ಗೆಕೊಗಳಿಗೆ ಕೊಡಲು ಆರಂಭಿಸಬಾರದು. ಹುಟ್ಟಿದ ಮರಿ ವಯಸ್ಕವಾಗಲು ಈ ಉಷ್ಣತೆಯಲ್ಲಿ ನಾಲ್ಕರಿಂದ ಆರು ತಿಂಗಳು ಬೇಕು. ಆ ಅವಧಿಯಲ್ಲಿ ಹೊರಗಿನಿಂದ ಕೀಟ ತರುವುದನ್ನು ಮುಂದುವರಿಸಿದೆ. ಪೆಟ್ಟಿಗೆಯಿಂದ ತೆಗೆದದ್ದು ಹೆಚ್ಚಾದ ಗಂಡುಗಳನ್ನು ಮಾತ್ರ.

ಹಂತ 7: ಗಾತ್ರದಂತೆ ಬೇರ್ಪಡಿಸುವುದು ಮತ್ತು ಉಣಿಸುವುದು

ಗೆಕೊದ ಎರಡು ಕಣ್ಣುಗಳ ನಡುವಿನ ಅಂತರಕ್ಕಿಂತ ಅಗಲವಾದ ಹುಳುವನ್ನು ಕೊಡಬಾರದೆಂಬುದು ನಾನು ಪಾಲಿಸುವ ಅಳತೆ. ಒಂದೊಂದನ್ನೇ ಹಿಡಿದು ಅಳೆಯುವ ಬದಲು ಎರಡು ಪ್ಲಾಸ್ಟಿಕ್ ಡಬ್ಬಿಗಳ ತಳದಲ್ಲಿ ತೂತು ಕೊರೆದೆ: ಒಂದರಲ್ಲಿ 10 ಮಿ.ಮೀ., ಇನ್ನೊಂದರಲ್ಲಿ 5 ಮಿ.ಮೀ. ದೊಡ್ಡ ತೂತಿನ ಡಬ್ಬಿಯನ್ನು ಮೇಲಿಟ್ಟು ಟ್ರೇಯನ್ನು ಅದರೊಳಗೆ ಕೊಡವಿದರೆ ವಯಸ್ಕ ಜಿರಳೆಗಳು ಮೇಲೆ ಉಳಿಯುತ್ತವೆ, ಮಧ್ಯಮ ಮರಿಗಳು ನಡುವೆ ನಿಲ್ಲುತ್ತವೆ, ಸಣ್ಣವು ಕೆಳಗಿನ ಪಾತ್ರೆಗೆ ಇಳಿಯುತ್ತವೆ. ಜೋರಾಗಿ ಅಲ್ಲಾಡಿಸುವ ಅಗತ್ಯವಿಲ್ಲ; ಬೆಳಕಿಗೆ ಹೆದರಿ ಅವೇ ತೂತುಗಳ ಮೂಲಕ ನುಸುಳುತ್ತವೆ. ತೂತಿನ ಅಂಚನ್ನು ಮರಳು ಕಾಗದದಿಂದ ಉಜ್ಜದಿದ್ದರೆ ಕಾಲುಗಳು ಮುರಿಯುತ್ತವೆ.

ಬೇರ್ಪಡಿಸಿದ ಮಧ್ಯಮ ಮರಿಗಳನ್ನು ಕೊಡುವ ಮುನ್ನ 24ರಿಂದ 48 ಗಂಟೆ ಬೇರೆ ಡಬ್ಬಿಯಲ್ಲಿಟ್ಟು ಹಸಿ ತರಕಾರಿಯನ್ನು ಹೇರಳವಾಗಿ ತಿನ್ನಿಸುತ್ತೇನೆ. ಡುಬಿಯಾದಲ್ಲಿ ರಂಜಕಕ್ಕೆ ಹೋಲಿಸಿದರೆ ಕ್ಯಾಲ್ಸಿಯಂ ಕಡಿಮೆ, ಆದ್ದರಿಂದ ಕೊಡುವ ಕ್ಷಣದಲ್ಲಿ ಕ್ಯಾಲ್ಸಿಯಂ ಪುಡಿಯಲ್ಲಿ ಹೊರಳಿಸುವುದನ್ನು ಒಂದು ಬಾರಿಯೂ ತಪ್ಪಿಸುವಂತಿಲ್ಲ. ಹುಳುಗಳನ್ನು ಗೆಕೊ ಪೆಟ್ಟಿಗೆಯ ನೆಲದ ಮೇಲೆ ಬಿಟ್ಟರೆ ಅವು ಕಲ್ಲಿನ ಕೆಳಗೆ ಹೊಕ್ಕು ಅಲ್ಲಾಡದೆ ಕುಳಿತುಬಿಡುತ್ತವೆ. ನುಣುಪಾದ ಅಂಚಿನ ಬಟ್ಟಲಿನಲ್ಲಿ ಇಟ್ಟಾಗ ಅವು ಹೊರಬರಲಾರದೆ ಓಡಾಡುತ್ತವೆ, ಆ ಓಡಾಟವೇ ಗೆಕೊವನ್ನು ಸೆಳೆಯುತ್ತದೆ. ದೊಡ್ಡ ಗೆಕೊ ಮೊದಲ ದಿನವೇ ಬಾಲದ ತುದಿ ನಡುಗಿಸುತ್ತಾ ಬಂದು ಹಿಡಿಯಿತು. ಚಿಕ್ಕದಕ್ಕೆ ಅಭ್ಯಾಸವಾಗಲು ಸಮಯ ಹಿಡಿಯಿತು. ಇಕ್ಕಳದಲ್ಲಿ ಹುಳುವನ್ನು ಹಿಡಿದು ಮುಂದೆ ಆಡಿಸಿದ ಮೇಲೆ ಅದೂ ಒಪ್ಪಿಕೊಂಡಿತು.

ಹಂತ 8: ಸ್ವಚ್ಛತೆ

ಪೆಟ್ಟಿಗೆಯನ್ನು ಪದೇ ಪದೇ ತೊಳೆಯುವುದು ಒಳ್ಳೆಯದಲ್ಲ. ಹೊಸ ಮರಿಗಳು ವಯಸ್ಕಗಳ ಹಿಕ್ಕೆಯ ನಡುವೆಯೇ ಇದ್ದು ಅದನ್ನೂ ತಿನ್ನುತ್ತವೆ. ಹಿಕ್ಕೆ 2 ಸೆಂ.ಮೀ. ದಪ್ಪವಾದಾಗ ಮಾತ್ರ ಅರ್ಧ ಭಾಗವನ್ನು ತೆಗೆಯುತ್ತೇನೆ. ತೆಗೆದ ಹಿಕ್ಕೆಯನ್ನು ಕೂಡಲೇ ಎಸೆಯದೆ, ನುಣುಪಾದ ಇನ್ನೊಂದು ಡಬ್ಬಿಯಲ್ಲಿ ಕ್ಯಾರೆಟ್ ತುಂಡಿನೊಂದಿಗೆ ಒಂದು ವಾರ ಇಡಬೇಕು, ಏಕೆಂದರೆ ಜರಡಿಯಲ್ಲಿ ಎಷ್ಟೇ ಹಿಡಿದರೂ ಸಣ್ಣ ಮರಿಗಳು ಹಿಕ್ಕೆಯೊಂದಿಗೆ ಇಳಿದುಬಿಡುತ್ತವೆ. ಅವು ತಾವಾಗಿ ಕ್ಯಾರೆಟ್ಟಿಗೆ ಬಂದು ಸೇರುತ್ತವೆ, ಅಲ್ಲಿಂದ ಎತ್ತಿ ಪೆಟ್ಟಿಗೆಗೆ ಮರಳಿಸಬಹುದು.

ಈ ಕೆಲಸವನ್ನು ಮಾಸ್ಕ್ ಮತ್ತು ಕೈಗವಸು ಇಲ್ಲದೆ ಮಾಡಬಾರದು. ಜಿರಳೆಗಳ ಹಿಕ್ಕೆ ಮತ್ತು ಪೊರೆಯ ಧೂಳು ಅಲರ್ಜಿಯನ್ನೂ ಉಬ್ಬಸವನ್ನೂ ತರಬಲ್ಲದು, ಮತ್ತು ಆ ಅಲರ್ಜಿ ವರ್ಷಗಳ ಒಡನಾಟದಿಂದ ನಿಧಾನವಾಗಿ ಬೆಳೆಯುವಂತಹದು. ಆರಂಭದಲ್ಲಿ ಏನೂ ಆಗಲಿಲ್ಲವೆಂಬ ಕಾರಣಕ್ಕೆ ಇದನ್ನು ಹಗುರವಾಗಿ ಕಾಣಬಾರದು. ಕಿಟಕಿ ತೆರೆದಿಟ್ಟು, ಮಲಗುವ ಕೋಣೆಯಿಂದ ದೂರದಲ್ಲಿ ಪೆಟ್ಟಿಗೆಯನ್ನು ಇರಿಸಿದ್ದೇನೆ.

ಸದ್ಯದ ಸ್ಥಿತಿ

ಪೆಟ್ಟಿಗೆಯಲ್ಲಿಯೇ ಹುಟ್ಟಿದ ಮರಿಗಳಲ್ಲಿ ಮೊದಲ ತಂಡ ವಯಸ್ಕವಾಗಿದೆ, ಎರಡೂ ಗೆಕೊಗಳ ಆಹಾರ ಈಗ ಪೂರ್ತಿಯಾಗಿ ಇಲ್ಲಿಂದಲೇ ಬರುತ್ತಿದೆ. ಬಿಸಿ ಬದಿಯ ಟ್ರೇಗಳು ಒತ್ತೊತ್ತಾಗಿ ತುಂಬಿ, ಗಂಡುಗಳ ರೆಕ್ಕೆಗಳಲ್ಲಿ ಕಡಿತದ ಗುರುತುಗಳು ಕಾಣಿಸತೊಡಗಿವೆ. ಆದುದರಿಂದ ಎರಡನೆಯ ಪೆಟ್ಟಿಗೆಗೆ ಮುಚ್ಚಳ ಕತ್ತರಿಸಿಟ್ಟಿದ್ದೇನೆ. ಅದಕ್ಕೆ ಬೇರೆಯೇ ಥರ್ಮೋಸ್ಟಾಟ್ ಬೇಕು, ಏಕೆಂದರೆ ಒಂದೇ ಸೆನ್ಸರಿನಿಂದ ಎರಡು ಮ್ಯಾಟುಗಳನ್ನು ನಡೆಸಿದರೆ ಸೆನ್ಸರ್ ಇಲ್ಲದ ಪೆಟ್ಟಿಗೆಯ ಉಷ್ಣತೆಗೆ ಯಾವ ಕಾವಲೂ ಇರುವುದಿಲ್ಲ. ಅದು ಬಂದ ಮೇಲೆ ಖಾಲಿ ಪೆಟ್ಟಿಗೆಯನ್ನು ಒಂದು ವಾರ ಓಡಿಸಿ, ಮೂರು ಕಡೆ ಉಷ್ಣತೆ ಅಳೆದು, 12 ಹೆಣ್ಣು ಮತ್ತು 4 ಗಂಡುಗಳನ್ನು ಅಲ್ಲಿಗೆ ವರ್ಗಾಯಿಸುವುದು ಮುಂದಿನ ಕೆಲಸ.